ತುಳುಕದ ಕೊಡ

ಬೆಟಗೇರಿಯ ಹತ್ತಿ ವ್ಯಾಪಾರಿ ಉಡಚಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು.

ಅವನ ಹೆಂಡತಿ ಸುಮಿತ್ರವ್ವನ ತವರು ಹೊಳೆದಂಡೆಯ ಹಮ್ಮಿಗಿ. ಅಲ್ಲಿ ತಾಯಿ ಗದಿಗೆವ್ವ ಹಾಸಿಗೆ ಹಿಡಿದಿದ್ದಳು. ಇಲ್ಲಿ ಸುಮಿತ್ರವ್ವನಿಗೆ ಸೊಂಟದ ಬೇನೆ. ಎತ್ತಿನ ಗಾಡಿ ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು. ನಾಗರಪಂಚಮಿಗೆ ಕರೆಯಲು ಬಂದ ಅಣ್ಣ ಪ್ರತಿ ವರ್ಷ ಉಂಡಿಯ ಗಂಟು ಕೊಟ್ಟು ಬರಿಗಾಡಿಯಲ್ಲಿ ಮರಳುತ್ತಿದ್ದ. ಇವಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಅದನ್ನು ನೋಡಲಾರದೆ ಉಡಚಪ್ಪ, ಸ್ವಾತಂತ್ರ್ಯ ಬಂದು ಬಿಳಿಯರು ಊರು ಬಿಟ್ಟಾಗ, ಅವರಲ್ಲೊಬ್ಬನ ಹಳೆಯ ಬೇಬಿ ಆಸ್ಟಿನ್ ಕಾರು ಕೊಂಡ. ಓಣಿಯೇ ನಕ್ಕಿತು; ಎತ್ತು ಸೀನಿದರೆ ಹಾರಿಹೋಗುವಷ್ಟು ಚಿಕ್ಕದು. ಕ್ಲಚ್ ಬಿಟ್ಟರೆ ಕಪ್ಪೆಯಂತೆ ಜಿಗಿಯುತ್ತಿತ್ತು. ಲಾರಿ ರಿಪೇರಿಯ ಲಾಡಸಾಬನನ್ನು ಜೊತೆಮಾಡಿಕೊಂಡು ಅದನ್ನು ಹದಕ್ಕೆ ತರಲು ಕುಳಿತ. ಸ್ಪ್ರಿಂಗಿನ ಪಟ್ಟಿಯೊಂದನ್ನು ಕಳಚಿದರು, ಗಾಲಿಯ ಗಾಳಿ ಇಳಿಸಿದರು, ಕಾರ್ಬೊರೇಟರ್ ತಿರುವಿ ತಿರುವಿ ಎಂಜಿನ್ನಿನ ಕೆಮ್ಮು ನಿಲ್ಲಿಸಿದರು. ಪರೀಕ್ಷೆಗೆ ಉಡಚಪ್ಪನದೇ ಒಂದು ಪದ್ಧತಿ. ಹಿಂದಿನ ಸೀಟಿನ ಮೇಲೆ ಕಂಠದವರೆಗೆ ನೀರು ತುಂಬಿದ ತಾಮ್ರದ ಕೊಡ. ಹನಿ ತುಳುಕಿದರೂ ಕಾರು ಮತ್ತೆ ಬಿಚ್ಚುವುದೇ. ಹೀಗೇ ವರ್ಷಗಳು ಹೋದವು.

ಕೊನೆಗೊಂದು ಪಂಚಮಿಗೆ ಹೆಂಡತಿಯನ್ನೂ ಕೊಡವನ್ನೂ ಕೂರಿಸಿಕೊಂಡು ಹೊರಟ. ಡಂಬಳದ ಕೆರೆಯ ಹತ್ತಿರ ಕೊಡ ತುಳುಕಿ ಅವಳ ಸೀರೆ ತೊಯ್ದಿತು. ಅವಳು ನಗುತ್ತಿದ್ದಳು.

“ಸೊಂಟ ನೋಯಾಕತ್ತಿಲ್ರಿ. ನಡೀರಿ, ಅವ್ವ ಹಾದಿ ನೋಡ್ತಿರ್ತಾಳ.”

“ಇನ್ನಾ ಹದ ಬಂದಿಲ್ಲ. ಮುಂದಿನ ಪಂಚಮಿಗೆ ಹೂವಿನಂಗ ಒಯ್ತೀನಿ,” ಎಂದು ಕಾರು ತಿರುಗಿಸಿಯೇಬಿಟ್ಟ.

ಬೆಟಗೇರಿ ಮುಟ್ಟುವವರೆಗೆ ಅವಳು ತೊಯ್ದ ಸೆರಗು ಹಿಂಡುತ್ತ ಹಿಂದಿನ ಹಾದಿಯನ್ನೇ ನೋಡುತ್ತಿದ್ದಳು. ಲಾಡಸಾಬನೂ ರೇಗಿದ: “ಸಾವ್ಕಾರ್ರ, ಇದು ಕಾರೈತಿ, ತೊಟ್ಟಿಲಲ್ಲ. ಅಕ್ಕಾರನ್ನ ಕರ್ಕೊಂಡು ಹೋಗಿಬರ್ರಿ.” ಹಟಮಾರಿ ಕೇಳಬೇಕಲ್ಲ!

ಆ ಮಳೆಗಾಲ ಕಳೆದು ಕನ್ನಡ ನಾಡು ಒಂದಾಯಿತು. ಗದಗಿನಲ್ಲಿ ಮೆರವಣಿಗೆ ನಡೆದ ವಾರವೇ ಸುಮಿತ್ರವ್ವ ಜ್ವರ ಬಂದು ತೀರಿಕೊಂಡಳು. ಮಗಳ ಮುಖ ನೋಡಲು ಗದಿಗೆವ್ವನಿಗೆ ಬರಲಾಗಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಉಡಚಪ್ಪ ಕಾರು ಬಿಚ್ಚುವುದನ್ನು ಮಾತ್ರ ಬಿಡಲಿಲ್ಲ. ಮುಂದಿನ ಪಂಚಮಿಗೆ, ಹೆಂಡತಿ ಕೂರಬೇಕಿದ್ದ ಜಾಗದಲ್ಲಿ ಕೊಡ ಇಟ್ಟುಕೊಂಡು, ಮುಂಡರಗಿ ದಾಟಿ ಹಮ್ಮಿಗಿಗೆ ಹೋದ. ಕೊಡ ಹೊತ್ತು ತಂದು ಅತ್ತೆಯ ಹಾಸಿಗೆಯ ಬಳಿ ಇಳಿಸಿದ.

“ಅತ್ತೀ, ಹಾದಿಯೊಳಗ ಒಂದ್ ಹನಿ ತುಳುಕಿಲ್ಲ ನೋಡ್ರಿ,” ಎಂದವನೇ ಅತ್ತುಬಿಟ್ಟ.

ಮುದುಕಿ ಕೈ ಚಾಚಿ ಕೊಡದ ಕಂಠ ಸವರಿದಳು.

“ನೀರು ಚೆಲ್ಲಿದ್ರ ಚೆಲ್ಲತಿತ್ತು, ಅಳ್ಯಾರ. ಹೊಳಿ ಇಲ್ಲೇ ಇತ್ತಲ್ರಿ, ಮತ್ತ ತುಂಬತಿದ್ವಿ.”