ಸಿದ್ದಪ್ಪಮಾವನಿಗೆ ನಾನು ಎತ್ತಿಕೊಡದ ಸಾಲು

ಆ ಸಾಲು ನನಗೆ ಗೊತ್ತಿತ್ತು. ಬಾಯಲ್ಲೇ ಇತ್ತು. ಬೇಕೆಂದೇ ಹಾಡಲಿಲ್ಲ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಹಿಡಿಯಿತಲ್ಲ — ನನ್ನ ಮೇಲೆ ನನಗೇ ರೇಗುತ್ತದೆ. ಗಂಗಕ್ಕ, ಇದು ನಿನ್ನ ಅಪ್ಪನ ವಿಷಯ. ನೀನು ಓದಲೆಂದೇ ಬರೆಯುತ್ತಿದ್ದೇನೆ.

ಸಿದ್ದಪ್ಪಮಾವ ಮೂಡಲಪಾಯ ಬಯಲಾಟದ ಭಾಗವತ. ಅಜ್ಜಂಪುರದಿಂದ ಕಡೂರಿನ ತನಕ ಅವನ ಪದ ಕೇಳದ ಊರಿರಲಿಲ್ಲ. ಸೋದರಳಿಯನಾದ ನಾನು ಅವನ ಬೆನ್ನ ಹಿಂದೆ ನಿಂತು ಹಿಮ್ಮೇಳ ಹಾಡುವವನು. ಹಿಮ್ಮೇಳವೆಂದರೆ ಬರೀ ದನಿಗೂಡಿಸುವುದಲ್ಲ. ಭಾಗವತನಿಗೆ ಸಾಲು ತಪ್ಪಿದರೆ ಅವನು ಉಸಿರೆಳೆದುಕೊಳ್ಳುವಷ್ಟರಲ್ಲಿ ಎತ್ತಿಕೊಡಬೇಕು. ಕೇಳುವವರಿಗೆ ತಿಳಿಯಲೇಬಾರದು. ಮಾವನ ಮರೆವು ಹೊಸದೂ ಅಲ್ಲ — ಪ್ರಾಯದಲ್ಲೇ ಮರೆಯುತ್ತಿದ್ದ. ಆಗ ನನ್ನ ಅಪ್ಪ ಎತ್ತಿಕೊಡುತ್ತಿದ್ದ, ಆಮೇಲೆ ನಾನು. ಈ ಗುಟ್ಟು ನಿನಗೂ ಗೊತ್ತಿರಲಿಲ್ಲ, ಅಲ್ಲವೇ?

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಅವನ ಹಾಡು ಹಿಡಿದಿಟ್ಟುಕೊಳ್ಳಲು ರೇಡಿಯೋದವರು ತರೀಕೆರೆಗೆ ಬಂದರು. ಅರ್ಧ ಗಂಟೆ ಸಾಕು ಅಂದರು. ಶುರುವಾಯಿತು ಮಾವನ ಹಟ.

“ಅರ್ಧ ಗಂಟೇಲಿ ನಮ್ ಆಟದ ದೊರೆ ಪೇಟನೂ ಸುತ್ಕಳಲ್ಲ ಕಣ್ರೀ!”

ರೇಡಿಯೋದವರ ಕೈಕಾಲು ಹಿಡಿದವನು ನಾನು. ಯಾವ ಪದ ಬಿಡಬೇಕು, ಯಾವುದು ಇರಬೇಕು ಎಂದು ಕೂತು ಆರಿಸಿದವನು ನಾನು. ಬೆಳಿಗ್ಗೆ ಒಪ್ಪಿದ್ದನ್ನು ಮಧ್ಯಾಹ್ನಕ್ಕೆ ಬೇಡವೆನ್ನುವವನು ಅವನು. ಸಾಕುಸಾಕಾಗಿ ಹೋಗಿತ್ತು, ಗಂಗಕ್ಕ. ಆದರೂ ಎಲ್ಲ ಹೊಂದಿಸಿ, ಮೈಕಿನ ಮುಂದೆ ತಂದು ನಿಲ್ಲಿಸಿದರೆ —

“ಇವನ್ನ ಒಸಿ ಆ ಕಡೆ ನಿಲ್ಸಿ ಸ್ವಾಮಿ. ಎಮ್ಮೆದೊಡ್ಡಿ ಕಾವಲಲ್ಲಿ ಎತ್ತು ಗುಟುರು ಹಾಕ್ದಂಗೈತೆ ಇವನ ದನಿ.”

ಎಲ್ಲರೂ ನಕ್ಕರು. ಹಳೇ ತಮಾಷೆಯೇ, ಎಷ್ಟೋ ಸಲ ನಾನೂ ನಕ್ಕಿದ್ದೆ. ಅವತ್ತು ಮಾತ್ರ ಕಿವಿ ಬಿಸಿಯಾಯಿತು.

ದೊರೆ ಸಭೆಗೆ ಬರುವ ಪದದ ನಡುವೆ ಮಾವ ಸಾಲು ಮರೆತು ತಡವರಿಸಿದ. ರೂಢಿಯಂತೆ ತಲೆಯನ್ನು ನನ್ನ ಕಡೆಗೆ ತುಸು ವಾಲಿಸಿದ. ನಾನು ತಾಳ ಕುಟ್ಟುತ್ತಲೇ ನಿಂತೆ. ಮೃದಂಗದವನು ಎರಡು ಸುತ್ತು ಹೆಚ್ಚಿಗೆ ಬಾರಿಸಿ ಕೈ ಬಿಟ್ಟ. ಮತ್ತೊಮ್ಮೆ ಮೊದಲಿಂದ ಹಾಡಿಸಿದರು. ಅದೇ ಜಾಗ. ಅವನ ತಲೆ ಮತ್ತೆ ವಾಲಿತು.

ಮೊದಲ ಸಲದ್ದನ್ನು ಸಿಟ್ಟು ಎನ್ನೋಣ. ಎರಡನೆಯದಕ್ಕೆ ಏನೆನ್ನಲಿ?

“ಬಿಡಿ ಯಜಮಾನ್ರೇ, ವಯಸ್ಸಾಯ್ತು ನೋಡಿ,” ಎಂದು ರೇಡಿಯೋದವರು ಮೆಷಿನ್ ಮುಚ್ಚಿದರು.

ಬೀರೂರಿನಲ್ಲಿ ಇಳಿದು, ಅಜ್ಜಂಪುರದ ರೈಲಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಬೈಯಲಿ, ಬೈಯಲಿ ಎಂದು ಕಾದೆ. ಮಾವ ಕಡಲೆಕಾಯಿ ಕೊಂಡ. ಅರ್ಧ ನನ್ನ ಕೈಗೆ ಸುರಿದ.

“ನಿಂಗೆ ಆ ಸಾಲು ಬತ್ತಿತ್ತು ಕಣೋ,” ಎಂದ.

ಅಷ್ಟೇ. ಆಮೇಲೆ ಆ ಮಾತೇ ಎತ್ತಲಿಲ್ಲ. ಒಂದು ಏಟು ಕೊಟ್ಟಿದ್ದರೆ ಆಗುತ್ತಿರಲಿಲ್ಲವೇ? ಇವತ್ತಿಗೂ ಸಿಡಿಮಿಡಿಯಾಗುತ್ತದೆ — ಆ ಕಡಲೆಕಾಯಿ ನೆನೆದು.

ಊರಿಗೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು: ಭಾಗವತರಿಗೆ ಅರಳುಮರಳು. ನೀನು ಅವನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಅವನು ಮಾತು ಶುರು ಮಾಡಿದರೆ ಮನೆಯವರೆಲ್ಲ ಸೇರಿ ಮುಗಿಸಿಕೊಡತೊಡಗಿದಿರಿ. ಅವನು ಮಾತನ್ನೇ ಕಡಿಮೆ ಮಾಡಿದ. ತಾಳ ಮತ್ತೆ ಮುಟ್ಟಲಿಲ್ಲ. ನಾನು ನಿಮ್ಮ ಜಗಲಿಯ ಮೇಲೆ ಕೂತು, “ಹೂಂ, ವಯಸ್ಸಲ್ವೇ,” ಎಂದು ತಲೆಯಾಡಿಸಿದೆ. ಅರವತ್ತೆಂಟಕ್ಕೆ ತೀರಿಕೊಂಡಾಗ ಅದೇ ಜನ, “ಅರವತ್ತೆಂಟು ಒಂದು ವಯಸ್ಸೇ?” ಎಂದು ಮರುಗಿದರು. ಅದಕ್ಕೂ ತಲೆಯಾಡಿಸಿದೆ. ಅವನ ದನಿ ಎಲ್ಲೂ ಉಳಿಯಲಿಲ್ಲ.

ಈ ಸಲ ಅವನ ನೆನಪಿನ ಆಟದಲ್ಲಿ ನಾಲ್ಕು ಮಾತಾಡಿ, ಆ ದೊರೆಯ ಪದವನ್ನೂ ಹಾಡಿ ಎಂದು ಈಗಿನ ಮೇಳದ ಹುಡುಗರು ಕೇಳಿದ್ದಾರೆ. ಭಾಗವತನಿಲ್ಲದೆ ಹಿಮ್ಮೇಳದವನು ಒಬ್ಬನೇ ಹಾಡುವ ಪದ್ಧತಿ ನಮ್ಮಲ್ಲಿಲ್ಲ, ಹಾಡುವುದಿಲ್ಲ. ಮೇಲೆ ಬರೆದದ್ದನ್ನೇ ಮೈಕಿನ ಮುಂದೆ ಹೇಳುತ್ತೇನೆ.

ನೀನು ಬಾ, ಗಂಗಕ್ಕ. ಬೈಯುವುದಿದ್ದರೆ ಮನೆಗೆ ಕರೆದು ಬೈಯಬೇಡ. ಅಲ್ಲೇ, ಎಲ್ಲರೆದುರು ಬೈ.