ಕೇಳದ ಕಿವಿಗೆ ಕೇಳಿದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಬ್ಯಾಂಕಿನವಳು, ಕಣ್ಣಾರೆ ಕಂಡದ್ದನ್ನೂ ಎರಡು ಸಲ ನೋಡಿ ನಂಬುವ ಸ್ವಭಾವ. ನೀವು ನಂಬಲೇಬೇಕೆಂದೂ ನಾನು ಹೇಳುವುದಿಲ್ಲ.

ಧಾರವಾಡದಿಂದ ವಡೋದರಾಕ್ಕೆ ವರ್ಗವಾಗಿ ಬಂದ ಎರಡನೆಯ ವರ್ಷ, ನನ್ನ ತಲೆಬುರುಡೆಯ ತಳದಲ್ಲಿ, ಕಿವಿಯ ನರಕ್ಕೆ ಅಂಟಿಕೊಂಡ ಗೆಡ್ಡೆಯೊಂದು ಪತ್ತೆಯಾಯಿತು. ಅಹಮದಾಬಾದಿನಲ್ಲಿ ಆಪರೇಷನ್. ಡಾಕ್ಟರು ಮೊದಲೇ ಹೇಳಿದ್ದಂತೆ ಜೀವ ಉಳಿಯಿತು, ಎಡಗಿವಿ ಹೋಯಿತು.

ಪಕ್ಕದ ಹಾಸಿಗೆಯಲ್ಲಿದ್ದವಳು ಸೂರತ್ತಿನ ಜಶುಬೆನ್. ಗಂಡ ಅಲ್ಲಿನ ಕತಾರ್‌ಗಾಮ್ ಬಡಾವಣೆಯಲ್ಲಿ ವಜ್ರ ಪಾಲಿಶ್ ಮಾಡುವವರು. ಅವಳಿಗೂ ಅದೇ ಗೆಡ್ಡೆ, ಆದರೆ ಹೋದದ್ದು ಬಲಗಿವಿ. ಅವಳನ್ನು ನನ್ನ ಬಲಕ್ಕೆ ಕೂರಿಸಿಕೊಂಡರೆ ಇಬ್ಬರ ಒಳ್ಳೆಯ ಕಿವಿಗಳೂ ಅಕ್ಕಪಕ್ಕ ಬರುತ್ತಿದ್ದವು. ಹಾಗೆ ಕೂತು ಹಿಂದಿಯಲ್ಲಿ ಹರಟುತ್ತಿದ್ದೆವು. "ಊಟ ಆತೇನ್ರೀ?" ಎಂಬುದಷ್ಟೇ ಅವಳು ಕಲಿತ ಕನ್ನಡ. ಉತ್ತರ ಮಾತ್ರ ನಾನು ಹಿಂದಿಯಲ್ಲೇ ಕೊಡುತ್ತಿದ್ದೆ.

ಮೂರು ವರ್ಷದ ಮೇಲೆ ಅವಳ ಗೆಡ್ಡೆ ಮತ್ತೆ ಬೆಳೆಯಿತು. ಅಹಮದಾಬಾದಿನಲ್ಲಿ ಎರಡನೆಯ ಆಪರೇಷನ್ ಆದ ದಿನ ರಜೆ ಸಿಗದೆ ನಾನು ವಡೋದರಾದಲ್ಲೇ, ಗೋರ್ವಾದ ಬ್ಯಾಂಕ್ ಶಾಖೆಯಲ್ಲಿದ್ದೆ. ಮಧ್ಯಾಹ್ನ ಊಟದ ಕೋಣೆಯಲ್ಲಿ ಡಬ್ಬಿ ಬಿಚ್ಚಿ, ತಿನ್ನಲು ಮನಸ್ಸಾಗದೆ ಸುಮ್ಮನೆ ಕೂತಿದ್ದೆ. ಆಗ ಎಡಗಿವಿಯಲ್ಲಿ, ತೀರ ಹತ್ತಿರದಿಂದ, ಜಶುಬೆನ್ ದನಿ: "ಊಟ ಆತೇನ್ರೀ?"

"ಇನ್ನೂ ಇಲ್ರೀ," ಎಂದುಬಿಟ್ಟೆ. ಅಂದ ಮೇಲೆಯೇ ಹೊಳೆದದ್ದು, ಕೋಣೆಯಲ್ಲಿ ನಾನೊಬ್ಬಳೇ ಇದ್ದೇನೆ ಎಂದು. ಹೆದರಿಕೆಯೇನೂ ಆಗಲಿಲ್ಲ. ಎಡಗಿವಿಯನ್ನು ಕೈಯಿಂದ ಮುಟ್ಟಿ ನೋಡಿಕೊಂಡೆ.

ಸಂಜೆ ಅವಳ ಗಂಡ ಫೋನ್ ಮಾಡಿದರು. ಮಧ್ಯಾಹ್ನ ಬಿಪಿ ಪೂರ್ತಿ ಕುಸಿದು, ಕೈಬಿಟ್ಟೇ ಹೋದಳು ಎನ್ನುವಂತಾಗಿತ್ತಂತೆ. "ಅಬ್ ಠೀಕ್ ಹೈ, ಬೆನ್," ಈಗ ಹುಷಾರಾಗಿದ್ದಾಳೆ ಅಕ್ಕಾ, ಎಂದು ಅತ್ತರು.

ಮುಂದಿನ ತಪಾಸಣೆಯಲ್ಲಿ ನನ್ನ ಎಡಗಿವಿ ಎಂದಿನಂತೆ ಶೂನ್ಯ. ದನಿ ಕೇಳಿಸಿದ್ದನ್ನು ಹೇಳಿದಾಗ, ಕಿವಿ ಹೋದರೂ ಹಳೆಯ ದನಿಗಳನ್ನು ಮಿದುಳು ತಾನೇ ಕೇಳಿಸಿಕೊಳ್ಳುವುದುಂಟು ಎಂದರು ಡಾಕ್ಟರು. ಒಪ್ಪಿಕೊಂಡೆ. ನಾನು ಉತ್ತರ ಕೊಟ್ಟದ್ದನ್ನು ಮಾತ್ರ ನಾಚಿಕೆಯಿಂದ ಅವರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.

ಜಶುಬೆನ್ ಚೇತರಿಸಿಕೊಂಡ ಮೇಲೆ ನೋಡಲು ಸೂರತ್ತಿಗೆ ಹೋದೆ. ಚಹಾ ಕೊಡುತ್ತ ಕೇಳಿದಳು: "ಬೆನ್, 'ಇನ್ನೂ ಇಲ್ರೀ' ಮತ್ಲಬ್ ಕ್ಯಾ?" ಆಪರೇಷನ್ ದಿನ ಯಾರೋ ಹಾಗೆ ಹೇಳಿದ ನೆನಪಂತೆ.

"ಅಭೀ ನಹೀ," ಎಂದೆ.

"ಹಾಗಾದರೆ ಸರಿಯಾಗಿಯೇ ಹೇಳಿದರು, ನಾನಿನ್ನೂ ಇಲ್ಲೇ ಇದ್ದೇನಲ್ಲ," ಎಂದು ನಕ್ಕು, ಕಡಲೆಹಿಟ್ಟಿನ ಗಾಂಠಿಯಾ ತಟ್ಟೆ ನನ್ನ ಮುಂದಿಟ್ಟಳು.

ಹೇಳಿದವಳು ನಾನೇ ಎನ್ನಲು ಬಾಯಿ ಬರಲಿಲ್ಲ. ನಾನೇ ಹೌದೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.