ಅವಳ ನಂಬರಿಗೆ ಬಂದ ಆರು ಅಂಕಿ

ಕಳೆದ ವಾರ ನನ್ನ ಹೆಂಡತಿಯಿಂದ ಮೆಸೇಜ್ ಬಂತು: 'ಊಟ ಆಯ್ತಾ?'

ಸುಶೀಲಾ ತೀರಿಕೊಂಡು ಎರಡು ವರ್ಷವಾಗಿದೆ.

ತಪ್ಪು ನನ್ನದೇ, ಹೇಳಿಬಿಡುತ್ತೇನೆ. ಅವಳ ಫೋನನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ. ದಿನಾ ಚಾರ್ಜಿಗೆ ಹಾಕುತ್ತೇನೆ, ತಪ್ಪದೆ ರೀಚಾರ್ಜ್ ಮಾಡಿಸುತ್ತೇನೆ. ನಂಬರು ಬೇರೆಯವರ ಪಾಲಾದರೆ ವಾಟ್ಸ್ಯಾಪಿನಲ್ಲಿರುವ ಅವಳ ಫೋಟೊ ಹೋಗುತ್ತದಲ್ಲ? (ಬದುಕಿದ್ದಾಗ ರೀಚಾರ್ಜಿಗೆ ಅವಳು ನಾಲ್ಕು ಸಲ ಕೇಳಬೇಕಾಗುತ್ತಿತ್ತು.)

ಅವಳ ತಿಥಿ ಹತ್ತಿರ ಬಂದಿತ್ತು. ಅಗಲಿದವರ ಹೆಸರಿನಲ್ಲಿ ಆನ್‌ಲೈನ್ ಪೂಜೆ ಎಂದು ಫೇಸ್‌ಬುಕ್ಕಿನಲ್ಲಿ ಕಂಡಿತು. ಫಾರ್ಮ್ ತುಂಬಿದೆ. ಹೆಸರು, ಗೋತ್ರ, ನಕ್ಷತ್ರ, ಅವಳ ಮೊಬೈಲ್ ನಂಬರು. ಗಾಣಗಾಪುರದಲ್ಲಿ ಮೂವತ್ತು ವರ್ಷ ಕಾಯಿ-ಕರ್ಪೂರ ಮಾರಿದವನು ನಾನು. ಗೋತ್ರ, ನಕ್ಷತ್ರ ಕೇಳಿದರೆ ನಮ್ಮೂರಲ್ಲಿ ಯಾರಾದರೂ ಯಾಕೆ ಎನ್ನುತ್ತಾರೆಯೇ? ಸರದಿಯಲ್ಲಿ ನಿಂತು ಗಟ್ಟಿಯಾಗಿ ಕೂಗಿ ಹೇಳುತ್ತಾರೆ.

ಆಮೇಲೆ ಪೂಜೆಯವರ ಫೋನ್ ಬಂತು. "ಅಮ್ಮಾವರ ನಂಬರಿಗೆ ಆರು ಅಂಕಿ ಬಂದಾವ್ರಿ. ಸಂಕಲ್ಪದಾಗ ಓದಬೇಕು, ಹೇಳ್ರಿ."

ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದೆ. ಭಕ್ತಿಯಿಂದ.

ಮರುದಿನ ಬೆಳಿಗ್ಗೆ ಕರಜಗಿಯಿಂದ ಅವಳ ತಂಗಿ ಶಾರದಾ ಫೋನ್ ಮಾಡಿದಳು. ಅಕ್ಕನ ನಂಬರಿನಿಂದ ಮೆಸೇಜ್ ಬಂದಿದೆಯಂತೆ, ನಿನ್ನ ಫೋನಿಗೆ ಬಂದ ಕೋಡ್ ಕಳಿಸು ಎಂದು. ನನಗೆ ಆಗ ಹೊಳೆಯಿತು, ನಾನು ಓದಿ ಹೇಳಿದ ಆರು ಅಂಕಿಯಿಂದ ಅವಳ ವಾಟ್ಸ್ಯಾಪ್ ಕಳ್ಳನ ಕೈಸೇರಿದೆ ಎಂದು. ಮೋಸ, ಕಳಿಸಬೇಡ ಎಂದೆ.

"ಗೊತ್ತದ ಭಾವಾ. ಆದ್ರ ಅಕ್ಕ ಜೀವಮಾನದಾಗ ನನಗ ಏನೂ ಕೇಳಿದಾಕಿ ಅಲ್ಲ. ಇಲ್ಲ ಅನ್ನಾಕ ಮನಸ್ಸ ಬರವಲ್ದು."



ಸುಶೀಲಾಳ ಫೋನನ್ನು ಎದುರಿನ ಮೊಬೈಲ್ ಅಂಗಡಿಯ ರಫೀಕನಿಗೆ ಕೊಟ್ಟೆ. ಸಿಮ್ ಇದೆಯಲ್ಲ, ವಾಪಸ್ ಪಡೆಯಬಹುದು ಎಂದ. ಹೊಸ ಕೋಡ್ ತರಿಸಿದ, ಕಳ್ಳ ಹೊರಬಿದ್ದ. ಇನ್ನೊಮ್ಮೆ ಹೀಗಾಗದಂತೆ ಪಿನ್ ಹಾಕಿಕೊಟ್ಟ.

"ಕಾಕಾ, ಗೋತ್ರ ಹೇಳ್ರಿ, ನಕ್ಷತ್ರ ಹೇಳ್ರಿ. ಓಟಿಪಿ ಮಾತ್ರ ಹೇಳಬ್ಯಾಡ್ರಿ. ದೇವ್ರು ಓಟಿಪಿ ಕೇಳಂಗಿಲ್ಲ."

ನಕ್ಕೆ. ಅವನಿಗೆ ಹೇಳದ ಒಂದು ಮಾತನ್ನು ನಿಮಗೆ ಹೇಳುತ್ತೇನೆ. ನನಗೆ ಆ 'ಊಟ ಆಯ್ತಾ?' ಬಂದದ್ದು ಶಾರದಾಳ ಫೋನ್ ಆದ ಮೇಲೆ. ಕೇಳುತ್ತಿರುವವನು ಕಳ್ಳ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಮೆಸೇಜಿನ ಪಕ್ಕದಲ್ಲಿ ಅವಳ ಫೋಟೊ ಇತ್ತು. ರಫೀಕನ ಅಂಗಡಿ ಹತ್ತು ಹೆಜ್ಜೆ ದೂರ. ಚಪ್ಪಲಿ ಮೆಟ್ಟಿದವನು ಮತ್ತೆ ಕುಳಿತೆ. 'ಆಯ್ತು. ನಿಂದು?' ಎಂದು ಬರೆದೆ.

ಮಧ್ಯಾಹ್ನದ ತನಕ ಉತ್ತರಕ್ಕೆ ಕಾದೆ. ಆ ಹೊತ್ತಿನಲ್ಲಿ ಅವನು ಇನ್ನೆಷ್ಟು ಜನರಿಗೆ ಅವಳ ಹೆಸರಿನಲ್ಲಿ ಕೋಡ್ ಕೇಳಿದನೋ. ಆ ಪಾಪವೂ ನನ್ನದೇ.

ಓಟಿಪಿ ಯಾರಿಗೂ ಹೇಳಬಾರದೆಂದು ಕಲಿತೆ. ಆ ಫೋಟೊ ಮತ್ತೆ 'ಊಟ ಆಯ್ತಾ' ಎಂದರೆ ಸುಮ್ಮನಿರುವುದನ್ನು ಯಾರ ಹತ್ತಿರ ಕಲಿಯಲಿ?